ಎರಡು ಹೊತ್ತಿನ ನಿದ್ದೆ ಒಂದು ಹೊತ್ತಿಗೆ ಬರುವಾಗ

ಒಂದು ವರ್ಷ ದಾಟಿದ ಮಕ್ಕಳ ಹಗಲು ನಿದ್ದೆಯನ್ನು ಕುರಿತು ಈ ಬಾರಿ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಉಳಿದವುಗಳಿಗೆ ಬೇಕಾದ ವಿಷಯವೂ ಬಹುಮಟ್ಟಿಗೆ ಅದರಲ್ಲೇ ಇರುವುದರಿಂದ ಎಲ್ಲರೂ ಅದನ್ನು ಮೊದಲು ಓದಿಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಮಗಳಿಗೆ 14 ತಿಂಗಳು ನಡೆಯುತ್ತಿದೆ. ಮೊನ್ನೆ ಮೊನ್ನೆಯವರೆಗೆ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ 9.30ಕ್ಕೆ ಮಲಗಿ 11ಕ್ಕೆ ಏಳುತ್ತಿದ್ದಳು. ಮಧ್ಯಾಹ್ನ 3ರಿಂದ 4.30ರವರೆಗೆ ಮತ್ತೊಂದು ನಿದ್ದೆ. ರಾತ್ರಿ 8.30ಕ್ಕೆ ಮಲಗಿದರೆ ಬೆಳಿಗ್ಗೆ 6ಕ್ಕೆ ಎಚ್ಚರ. ಕಳೆದ ಹದಿನೈದು ದಿನಗಳಿಂದ ಮಧ್ಯಾಹ್ನ ಜೋಲಿಗೆ ಹಾಕಿ ಒಂದು ಗಂಟೆ ತೂಗಿದರೂ ಕಣ್ಣು ಮುಚ್ಚುವುದಿಲ್ಲ. ಕೊನೆಗೆ 4.30ರ ಹೊತ್ತಿಗೆ ಮಲಗಿ 5.30ಕ್ಕೆ ಏಳುತ್ತಾಳೆ. ರಾತ್ರಿ 10.45 ಆಗದೆ ಮಲಗುವುದಿಲ್ಲ. ಬೆಳಿಗ್ಗೆ ಮಾತ್ರ ಅದೇ 6ಕ್ಕೆ ಎದ್ದುಬಿಡುತ್ತಾಳೆ. ಮಧ್ಯಾಹ್ನದ ನಿದ್ದೆಯನ್ನು ಬಿಡಿಸಿ ಬೆಳಗಿನದನ್ನು ಉಳಿಸಿಕೊಳ್ಳಬಹುದೇ? ಸ್ನಾನವಾದ ಮೇಲೆ ಮಗು ಮಲಗಲೇಬೇಕು, ಇಲ್ಲದಿದ್ದರೆ ಸೊರಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ.
— ಒಬ್ಬ ತಾಯಿ, ಹಾಸನ

ಉತ್ತರ: ನೀವು ಗಂಟೆಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಮೊದಲು ಒಂದು ಲೆಕ್ಕ ಹಾಕಿಬಿಡೋಣ. ಹದಿನೈದು ದಿನಗಳ ಹಿಂದೆ ನಿಮ್ಮ ಮಗಳು ರಾತ್ರಿ ಒಂಬತ್ತೂವರೆ ಗಂಟೆ, ಹಗಲು ಮೂರು ಗಂಟೆ, ಒಟ್ಟು ಹನ್ನೆರಡೂವರೆ ಗಂಟೆ ನಿದ್ದೆ ಮಾಡುತ್ತಿದ್ದಳು. ಈಗ ರಾತ್ರಿ ಏಳೂಕಾಲು, ಹಗಲು ಎರಡೂವರೆ, ಒಟ್ಟು ಒಂಬತ್ತೂಮುಕ್ಕಾಲು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಎಂದರೆ ಸಮಸ್ಯೆ ಮಧ್ಯಾಹ್ನದ ಜೋಲಿಯಲ್ಲಿ ಕಾಣಿಸಿಕೊಂಡಿದ್ದರೂ ನಷ್ಟವಾಗಿರುವುದು ರಾತ್ರಿಯ ನಿದ್ದೆ. ಹಗಲಿನಲ್ಲಿ ಅರ್ಧ ಗಂಟೆಯಷ್ಟೇ ಕಡಿಮೆಯಾಗಿದೆ, ರಾತ್ರಿಯಲ್ಲಿ ಎರಡೂಕಾಲು ಗಂಟೆ ಹೋಗಿದೆ. ನಾವು ಉಳಿಸಿಕೊಳ್ಳಬೇಕಾದದ್ದು ಅದನ್ನೇ.

ಹಾಗೆಂದು ಇಂದೇ ಒಂದು ಹೊತ್ತಿನ ನಿದ್ದೆಗೆ ಬದಲಾಯಿಸಿ ಎಂದು ಹೇಳಲಾರೆ. ಹೆಚ್ಚಿನ ಮಕ್ಕಳು 14ರಿಂದ 18 ತಿಂಗಳ ನಡುವೆ ಎರಡರಿಂದ ಒಂದು ನಿದ್ದೆಗೆ ಬರುತ್ತಾರೆ. ಕೆಲವರು ಸ್ವಲ್ಪ ಮೊದಲು, ಕೆಲವರು ಸ್ವಲ್ಪ ತಡವಾಗಿ. ವರ್ಷದ ಆಸುಪಾಸಿನಲ್ಲಿ, ವಿಶೇಷವಾಗಿ ಗೋಡೆ ಹಿಡಿದು ನಿಲ್ಲುವ ಮತ್ತು ಮೊದಲ ಹೆಜ್ಜೆ ಇಡುವ ದಿನಗಳಲ್ಲಿ, ಎಷ್ಟೋ ಮಕ್ಕಳು ವಾರ ಹತ್ತು ದಿನ ಎರಡನೆಯ ನಿದ್ದೆಯನ್ನು ಬೇಡವೆನ್ನುತ್ತಾರೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಹಳೆಯ ರೂಢಿಗೇ ಮರಳುತ್ತಾರೆ. ಆ ಹತ್ತು ದಿನವನ್ನು ನೋಡಿ ಅವಸರಪಟ್ಟವರು ನಂತರ ಎರಡು ತಿಂಗಳು ಒದ್ದಾಡುವುದನ್ನು ನಾನು ನೋಡಿದ್ದೇನೆ. ಎರಡು ವಾರ ಪೂರ್ತಿ, ಮಗುವಿಗೆ ಜ್ವರ ನೆಗಡಿ ಏನೂ ಇಲ್ಲದಿರುವಾಗಲೂ, ಮಧ್ಯಾಹ್ನದ ನಿದ್ದೆ ಬರದಿದ್ದರೆ ಅಥವಾ ಬಂದ ದಿನವೆಲ್ಲ ರಾತ್ರಿಯ ನಿದ್ದೆ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಬದಲಾವಣೆಯ ಕಾಲ ಬಂದಿದೆ ಎನ್ನಬಹುದು. ನಸುಕಿನ 4ಕ್ಕೋ 5ಕ್ಕೋ ಎದ್ದು ಆಟಕ್ಕೆ ಕೂರುವುದೂ ಕೆಲವು ಮಕ್ಕಳಲ್ಲಿ ಇದೇ ಸೂಚನೆ. ನಿಮ್ಮ ಮಗಳು ಆ ಗಡಿಯ ಮೇಲೆ ನಿಂತಿದ್ದಾಳೆ.

ಆದ್ದರಿಂದ ಮೊದಲ ಹತ್ತು ದಿನ ಇಷ್ಟು ಮಾಡಿ ನೋಡಿ. ಬೆಳಗಿನ ನಿದ್ದೆಯನ್ನು 9.30ಕ್ಕೇ ಕೊಡಿ, ಆದರೆ 11ರವರೆಗೆ ಬಿಡದೆ 10.15ಕ್ಕೆ ಮೆಲ್ಲನೆ ಎಬ್ಬಿಸಿ. ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಹಸುಗೂಸಿನ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿಯಾದರೂ ಇಲ್ಲಿ ಪಾಲಿಸಬೇಕಾಗಿಲ್ಲ. ಮುಕ್ಕಾಲು ಗಂಟೆ ಕಡಿಮೆ ಮಲಗಿದ ಮಗುವಿಗೆ 2 ಗಂಟೆಯ ಹೊತ್ತಿಗೇ ನಿದ್ದೆ ಬರುವ ಸಾಧ್ಯತೆಯಿದೆ. ಹಾಗೆ ಬಂದು 3.30ಕ್ಕೆ ಎದ್ದರೆ ರಾತ್ರಿ 8.30ರ ನಿದ್ದೆ ಮರಳಿ ಸಿಗುತ್ತದೆ, ಎರಡು ಹೊತ್ತಿನ ವ್ಯವಸ್ಥೆ ಇನ್ನೂ ಒಂದೆರಡು ತಿಂಗಳು ನಡೆದರೂ ನಡೆಯಬಹುದು. ಹತ್ತು ದಿನವಾದರೂ ಸರಿಹೋಗದಿದ್ದರೆ ಮುಂದಿನದಕ್ಕೆ ಹೊರಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮಧ್ಯಾಹ್ನದ್ದನ್ನು ಬಿಡಿಸಿ ಬೆಳಗಿನದನ್ನು ಉಳಿಸಿಕೊಳ್ಳಬಾರದು. ಮಗು ಯಾವುದನ್ನು ಬೇಡವೆನ್ನುತ್ತಿದೆಯೋ ಅದನ್ನೇ ಬಿಡಿಸುವುದು ಸಹಜವೆಂದು ತೋರುತ್ತದೆ, ಬಹಳ ತಾಯಂದಿರು ಎಡವುವುದೂ ಇಲ್ಲಿಯೇ. 11ಕ್ಕೆ ಎದ್ದ ಮಗು ರಾತ್ರಿ 8ರವರೆಗೆ ಒಂಬತ್ತು ಗಂಟೆ ಎಚ್ಚರವಿರಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದು ಸಾಧ್ಯವಿಲ್ಲದ ಮಾತು. ಸಂಜೆ 6ಕ್ಕೆ ಕುಸಿದು ಮಲಗುತ್ತದೆ, ಇಲ್ಲವೇ ರಚ್ಚೆ ಹಿಡಿದು ಮನೆಯನ್ನೆಲ್ಲ ಎತ್ತಿಹಾಕುತ್ತದೆ. ಮಾಡಬೇಕಾದದ್ದು ಬೆಳಗಿನ ನಿದ್ದೆಯನ್ನೇ ಸ್ವಲ್ಪ ಸ್ವಲ್ಪವಾಗಿ ಮಧ್ಯಾಹ್ನದ ಕಡೆಗೆ ಸರಿಸುವುದು. ಎರಡನೆಯ ನಿದ್ದೆ ಆಗ ತಾನಾಗಿಯೇ ಜಾಗ ಬಿಡುತ್ತದೆ.

ಇದರ ಹಿಂದಿನ ಕಾರಣವನ್ನು ತಿಳಿದುಕೊಂಡರೆ ಅತ್ತೆಯವರಿಗೆ ವಿವರಿಸಲು ನಿಮಗೆ ಅನುಕೂಲವಾದೀತು. ಜೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೇಲಿ 1982ರಲ್ಲಿ ಮುಂದಿಟ್ಟ ವಿವರಣೆಯಂತೆ ನಮ್ಮ ನಿದ್ದೆಯನ್ನು ಎರಡು ವಿಷಯಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟು ಹೊತ್ತೂ ಬೆಳೆಯುತ್ತ ಹೋಗಿ, ಮಲಗಿದಾಗ ಇಳಿಯುವ ನಿದ್ದೆಯ ಹಸಿವು. ಇನ್ನೊಂದು, ಬೆಳಕು ಕತ್ತಲೆಗಳಿಗೆ ಹೊಂದಿಕೊಂಡು ನಡೆಯುವ ದೇಹದೊಳಗಿನ ಗಡಿಯಾರ. ಚಿಕ್ಕ ಮಕ್ಕಳಲ್ಲಿ ನಿದ್ದೆಯ ಹಸಿವು ಬೇಗ ಏರುತ್ತದೆ. ಮಿದುಳು ಬೆಳೆದಂತೆ ಅದು ಏರುವ ವೇಗ ಕಡಿಮೆಯಾಗುತ್ತ ಬರುತ್ತದೆ. ಮೂರೂವರೆ ಗಂಟೆಗೇ ಸುಸ್ತಾಗುತ್ತಿದ್ದ ಮಗು ಈಗ ನಾಲ್ಕೂವರೆ, ಐದು ಗಂಟೆ ತಾಳುತ್ತದೆ. 11ಕ್ಕೆ ಹೊಟ್ಟೆ ತುಂಬ ಉಂಡವರಿಗೆ 3ಕ್ಕೆ ಮತ್ತೆ ಎಲೆ ಹಾಕಿದರೆ ಹೇಗೋ, ನಿಮ್ಮ ಮಗಳ ಮಧ್ಯಾಹ್ನದ ಜೋಲಿಯೂ ಈಗ ಹಾಗೆಯೇ. ದಿನಕ್ಕೆ ಒಂದೇ ನಿದ್ದೆ ಇರುವುದಾದರೆ ಅದು ಎಚ್ಚರದ ಹೊತ್ತಿನ ಸರಿಸುಮಾರು ನಡುವೆ, ಮಧ್ಯಾಹ್ನದ ಮಂಪರಿನ ವೇಳೆಗೆ ಬೀಳಬೇಕು.

ಸರಿಸುವ ವೇಗ ಹೀಗಿರಲಿ: ಮೂರು ದಿನಕ್ಕೊಮ್ಮೆ ಕಾಲು ಗಂಟೆ, ಮಗು ಗಟ್ಟಿಯಾಗಿ ತಾಳಿಕೊಂಡರೆ ಅರ್ಧ ಗಂಟೆ. 9.30ರಿಂದ ಹೊರಟು 11ಕ್ಕೆ ಬಂದಾಗ ಒಂದು ವಾರ ಅಲ್ಲೇ ನಿಲ್ಲಿ. ಆಮೇಲೆ ಮತ್ತೆ ಮುಂದುವರಿಸಿ 12 ಅಥವಾ 12.30ಕ್ಕೆ ಮುಟ್ಟಿಸಿ. ಇದಕ್ಕೆಲ್ಲ ಮೂರರಿಂದ ಆರು ವಾರ ಹಿಡಿಯುತ್ತದೆ. ನಡುವೆ ಜ್ವರ ಬಂದರೆ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ, ಊರಿಗೆ ಹೋಗಿ ಬಂದಿದ್ದರೆ, ಆ ದಿನ ಎರಡು ನಿದ್ದೆ ಕೊಡಿ. ಮಾಡಿದ್ದೆಲ್ಲ ನೀರುಪಾಲಾಯಿತು ಎಂದುಕೊಳ್ಳಬೇಡಿ. 16 ತಿಂಗಳ ನಂತರ ಬರುವ ಡಿಪಿಟಿ ಬೂಸ್ಟರ್ ಚುಚ್ಚುಮದ್ದಿನ ವಾರದಲ್ಲಂತೂ ಯಾವುದೇ ಹೊಸ ಪ್ರಯೋಗ ಬೇಡ.

ನಿದ್ದೆ ಸರಿದಂತೆ ಊಟವೂ ಸರಿಯಬೇಕು. ಇದನ್ನು ಹೇಳದೆ ಬಿಟ್ಟರೆ ಹಸಿದ ಹೊಟ್ಟೆಯಲ್ಲಿ ಮಲಗಿದ ಮಗು ನಲವತ್ತು ನಿಮಿಷಕ್ಕೆ ಎದ್ದು ಅಳುತ್ತದೆ, ತಾಯಿ ಮಾತ್ರ ಒಂದು ಹೊತ್ತಿನ ನಿದ್ದೆ ಇದಕ್ಕೆ ಆಗಿಬರುವುದಿಲ್ಲವೆಂದು ಕೈಬಿಡುತ್ತಾಳೆ. 7.30ಕ್ಕೆ ಇಡ್ಲಿಯೋ ದೋಸೆಯೋ ರಾಗಿ ಸರಿಯೋ ತಿಂದ ಮಗುವಿಗೆ 9.30ಕ್ಕೆ ಬಾಳೆಹಣ್ಣಿನಂಥದ್ದು ಸ್ವಲ್ಪ, 11ರಿಂದ 11.30ರೊಳಗೆ ಅನ್ನ, ಬೇಳೆ, ತರಕಾರಿ, ತುಪ್ಪದ ಪೂರ್ತಿ ಊಟ. ದೊಡ್ಡವರ ಅಡುಗೆ ಅಷ್ಟು ಬೇಗ ಆಗದಿದ್ದರೆ ಮಗುವಿನ ಮಟ್ಟಿಗೆ ಒಂದು ಬಟ್ಟಲು ಮೊದಲೇ ಬೇಯಿಸಿಕೊಳ್ಳಬೇಕಾಗುತ್ತದೆ. ಎದ್ದ ಮೇಲೆ 3ರ ಹೊತ್ತಿಗೆ ಏನಾದರೂ ತಿನ್ನಲು, 6.30ಕ್ಕೆ ರಾತ್ರಿಯೂಟ.

ಈಗ ಸ್ನಾನ. ಅತ್ತೆಯವರು ಹೇಳುವುದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧವೇ ನಿಮಗೆ ಬೇಕಾದ ಹಿಡಿ. ಹುಟ್ಟಿದಾಗಿನಿಂದ ಎಣ್ಣೆ, ಬಿಸಿನೀರು, ಬೆಚ್ಚಗಿನ ಬಟ್ಟೆ, ಜೋಲಿ ಎಂಬ ಕ್ರಮದಲ್ಲೇ ಮಲಗುತ್ತ ಬಂದ ಮಗುವಿಗೆ ಸ್ನಾನವೇ ನಿದ್ದೆಯ ಕರೆ. 9ಕ್ಕೆ ಬಿಸಿನೀರು ಹಾಕಿ 11ರವರೆಗೆ ಮಲಗಬೇಡ ಎಂದರೆ ಅದು ಮಗುವಿನ ಮೇಲೆ ಮಾಡುವ ಅನ್ಯಾಯ. ಹಾಗಾಗಿ ನಿದ್ದೆಯನ್ನು ಸರಿಸುವ ಬದಲು ಸ್ನಾನವನ್ನೇ ಸರಿಸಿ. ನಿದ್ದೆ ಅದರ ಹಿಂದೆಯೇ ಬರುತ್ತದೆ. ಊಟಕ್ಕೆ ಮೊದಲು, 10.30ಕ್ಕೆ ಸ್ನಾನವಾದರೆ ಅತ್ತೆಯವರ ಮಾತೂ ಉಳಿಯುತ್ತದೆ. ಸ್ನಾನವಾದ ಮೇಲೆ ನಿದ್ದೆ ತಪ್ಪಿದರೆ ಮಗು ಸೊರಗುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಬೆಳಿಗ್ಗೆ 9ರಿಂದ 10.30ರ ಹೊತ್ತನ್ನು ಆದಷ್ಟು ಮನೆಯ ಹೊರಗೆ ಕಳೆಯಿರಿ. ಅಂಗಳ, ಟೆರೇಸು, ಬೀದಿಯ ಹಸುಕರು, ತರಕಾರಿ ಗಾಡಿ, ಯಾವುದಾದರೂ ಆದೀತು. ಬೆಳಗಿನ ಬಿಸಿಲು ದೇಹದ ಗಡಿಯಾರಕ್ಕೂ ಒಳ್ಳೆಯದು. ಆ ಹೊತ್ತಿನಲ್ಲಿ ಸ್ಕೂಟರ್ ಅಥವಾ ಕಾರಿನಲ್ಲಿ ಮಾತ್ರ ಕರೆದೊಯ್ಯಬೇಡಿ. ಹತ್ತು ನಿಮಿಷದ ಜೊಂಪು ನಿದ್ದೆಯ ಹಸಿವನ್ನು ಕೆಡಿಸುವಷ್ಟು ಸಾಕು, ತಣಿಸುವಷ್ಟು ಸಾಲದು.

ಆರಂಭದ ದಿನಗಳಲ್ಲಿ ಹೊಸ ನಿದ್ದೆ ಒಂದು ಗಂಟೆಗೇ ಮುಗಿದರೆ ಗಾಬರಿ ಬೇಡ. ಈ ವಯಸ್ಸಿನ ಮಕ್ಕಳಲ್ಲಿ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆಯೊಳಗೆ ಮುಗಿಯುತ್ತದೆ, ಆಗ ಅರೆ ಎಚ್ಚರವಾಗುತ್ತದೆ. ಮಗು ಮಿಸುಕಿದ ಕೂಡಲೇ ಎತ್ತಿಕೊಳ್ಳದೆ ಹತ್ತು ನಿಮಿಷ ಕಾದು ನೋಡಿ, ಬೇಕಾದರೆ ಮೆಲ್ಲಗೆ ತಟ್ಟಿ. ಮಧ್ಯಾಹ್ನ 12ರ ಹೊತ್ತು ನಮ್ಮ ಮನೆಗಳಲ್ಲಿ ಕುಕ್ಕರ್ ಕೂಗುವ ಮತ್ತು ಧಾರಾವಾಹಿ ಮರುಪ್ರಸಾರವಾಗುವ ಹೊತ್ತು ಎಂಬುದೂ ನೆನಪಿರಲಿ. ಕೋಣೆಗೆ ದಪ್ಪನೆಯ ಪರದೆ ಹಾಕಿ ಫ್ಯಾನ್ ತಿರುಗಿಸಿದರೆ ಸದ್ದು ಸ್ವಲ್ಪ ಮರೆಯಾಗುತ್ತದೆ. ಎರಡು ಮೂರು ವಾರಗಳಲ್ಲಿ ನಿದ್ದೆ ಎರಡು ಗಂಟೆಗೆ ಬೆಳೆಯುತ್ತದೆ. 3 ಗಂಟೆಯ ನಂತರ ಮಲಗಲು ಬಿಡಬೇಡಿ. ಚಿಕ್ಕ ನಿದ್ದೆಯಾದ ದಿನ ಸಂಜೆಗೆ ಮುಂಚೆ, 4ರೊಳಗೆ, ಹದಿನೈದು ಇಪ್ಪತ್ತು ನಿಮಿಷ ಹೆಗಲ ಮೇಲೆ ತೂಕಡಿಸಲು ಬಿಡಬಹುದು. ಅದಕ್ಕಿಂತ ನನಗೆ ಒಪ್ಪಿಗೆಯಾದ ದಾರಿ ಆ ರಾತ್ರಿ 7ಕ್ಕೇ ಮಲಗಿಸಿಬಿಡುವುದು. ಬೇಗ ಮಲಗಿದರೆ ಬೇಗ ಏಳುತ್ತಾಳಲ್ಲ ಎಂದು ಎಲ್ಲರೂ ಅಂಜುತ್ತಾರೆ. ಅತಿಯಾಗಿ ದಣಿದ ಮಗುವಿನಲ್ಲಿ ಸಾಮಾನ್ಯವಾಗಿ ಅದಕ್ಕೆ ತದ್ವಿರುದ್ಧವಾಗಿ ಆಗುತ್ತದೆ: ತಡವಾಗಿ ಮಲಗಿ, ರಾತ್ರಿ ಪದೇ ಪದೇ ಎದ್ದು, ಬೆಳಿಗ್ಗೆ ಇನ್ನೂ ಬೇಗ ಏಳುತ್ತದೆ.

ಕೇಳದಿದ್ದರೂ ಒಂದು ಮಾತು. ಎದ್ದು ನಿಲ್ಲಲು ಕಲಿತ ಮಗುವನ್ನು ಸೀರೆಯ ಜೋಲಿಯಲ್ಲಿ ಒಂಟಿಯಾಗಿ ಬಿಡಬೇಡಿ. ಎಚ್ಚರವಾದಾಗ ಎದ್ದು ಬಾಗಿ ತಲೆಕೆಳಗಾಗಿ ಬೀಳುವ, ಬಟ್ಟೆ ಕತ್ತಿಗೆ ಸುತ್ತಿಕೊಳ್ಳುವ ಅಪಾಯ ಈ ವಯಸ್ಸಿನಲ್ಲಿ ಹೆಚ್ಚು. ನಿದ್ದೆಯ ಹೊತ್ತು ಹೇಗೂ ಬದಲಾಗುತ್ತಿರುವಾಗ ನೆಲದ ಮೇಲಿನ ಗಟ್ಟಿ ಹಾಸಿಗೆಗೆ ರೂಢಿ ಮಾಡಿಸಲು ಇದು ಸರಿಯಾದ ಸಮಯ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ 12 ತಿಂಗಳು ತುಂಬಿದ ಕೂಡಲೇ ಡೇ ಕೇರ್‌ನಲ್ಲಿ ದೊಡ್ಡ ಮಕ್ಕಳ ಕೋಣೆಗೆ ಹಾಕಿದ್ದಾರೆ. ಅಲ್ಲಿ ಎಲ್ಲರಿಗೂ 12.30ಕ್ಕೆ ಒಂದೇ ನಿದ್ದೆ. ಇವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾನಂತೆ. ಸಂಜೆ 6ಕ್ಕೆ ಕ್ಯಾಬ್‌ನಲ್ಲಿ ಮಲಗಿ, ಮನೆಗೆ ಬಂದ ಮೇಲೆ ಎದ್ದರೆ ರಾತ್ರಿ 10.30. ಅವನ ಅಪ್ಪ ಬರುವುದೇ 9ಕ್ಕೆ, ಅಲ್ಲಿಯವರೆಗೆ ಮಲಗಿಸಲು ಮನಸ್ಸಾಗುವುದಿಲ್ಲ.
— ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಮಗ ಇನ್ನೂ ಸಿದ್ಧನಾಗಿಲ್ಲ, ಕೋಣೆ ಬದಲಾದುದರಿಂದ ನಿದ್ದೆ ಬದಲಾಗಿದೆ. ಇಪ್ಪತ್ತು ಮಕ್ಕಳನ್ನು ನೋಡಿಕೊಳ್ಳುವವರಿಗೆ ಒಂದೇ ಹೊತ್ತು ಅನುಕೂಲ ಎಂಬುದನ್ನು ಒಪ್ಪಿಕೊಳ್ಳೋಣ. ಆದರೂ 10 ಗಂಟೆಗೆ ಮೂಲೆಯಲ್ಲಿ ಒಂದು ಚಾಪೆ ಹಾಸಿ ಅರ್ಧ ಗಂಟೆ ಮಲಗಲು ಬಿಡಿ ಎಂದು ಕೇಳಿಕೊಳ್ಳಲು ಸಂಕೋಚ ಪಡಬೇಡಿ. ಅರ್ಧ ಗಂಟೆಗೆ ಎಬ್ಬಿಸಿದರೆ 12.30ರ ನಿದ್ದೆಗೂ ತೊಂದರೆಯಾಗದು. ಒಪ್ಪದಿದ್ದರೆ, ಅವನ ಊಟವನ್ನಾದರೂ 11.15ಕ್ಕೆ ಕೊಟ್ಟು ಉಳಿದವರಿಗಿಂತ ಮೊದಲು ಮಲಗಿಸಲು ಕೇಳಿ. ಶನಿವಾರ, ಭಾನುವಾರ ಮನೆಯಲ್ಲಿ ಅವನು ಬೆಳಿಗ್ಗೆ ಮಲಗುವುದಾದರೆ ತಡೆಯಬೇಡಿ. ವಾರದ ದಿನಗಳ ಕ್ರಮವನ್ನೇ ರಜೆಯಲ್ಲೂ ಪಾಲಿಸಬೇಕೆಂಬ ನಿಯಮ ಅವನಿಗೆ ಇನ್ನೂ ನಾಲ್ಕೈದು ತಿಂಗಳು ಅನ್ವಯಿಸುವುದಿಲ್ಲ.

ಸಂಜೆಯ ಕ್ಯಾಬ್ ನಿದ್ದೆಯೇ ನಿಮ್ಮ ರಾತ್ರಿಯನ್ನು ಕೆಡಿಸುತ್ತಿದೆ. ಬೆಂಗಳೂರಿನ ಸಂಜೆಯ ವಾಹನ ದಟ್ಟಣೆಯಲ್ಲಿ ದಣಿದ ಮಗುವನ್ನು ಎಚ್ಚರವಿಡಿ ಎಂದು ಹೇಳುವುದು ಸುಲಭ. ಕಿಟಕಿ ತೆರೆದು, ಕೈಗೊಂದು ತಿನಿಸು ಕೊಟ್ಟು, ಮಾತಾಡಿಸುತ್ತ ಬಂದರೆ ಮೂರು ದಿನಗಳಲ್ಲಿ ಎರಡು ದಿನ ಗೆಲ್ಲಬಹುದು. ಬಂದ ಕೂಡಲೇ ಊಟ, 7.30ಕ್ಕೆ ಹಾಸಿಗೆ. ಅಪ್ಪನ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಕಠಿಣವೆನಿಸಬಹುದು. 9 ಗಂಟೆಗೆ ಅಪ್ಪನಿಗೆ ಸಿಗುವುದು ನಿದ್ದೆಗೆಟ್ಟು ಕೆರಳಿದ ಮಗು, ಮಗುವಿಗೆ ಸಿಗುವುದು ಆಫೀಸಿನಿಂದ ಬಳಲಿ ಬಂದ ಅಪ್ಪ. ಬೆಳಿಗ್ಗೆ 6.30ರಿಂದ 8ರವರೆಗಿನ ಹೊತ್ತನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಿ. ಹಲ್ಲುಜ್ಜಿಸುವುದು, ತಿಂಡಿ ತಿನ್ನಿಸುವುದು, ಡೇ ಕೇರ್‌ಗೆ ಬಿಡುವುದು ಎಲ್ಲವೂ ಅವರದಾಗಲಿ.

ಪ್ರಶ್ನೆ: ನನ್ನ ಮೊಮ್ಮಗನಿಗೆ 22 ತಿಂಗಳು. ಈಗಲೂ ದಿನಕ್ಕೆ ಎರಡು ಸಲ ಮಲಗುತ್ತಾನೆ, ರಾತ್ರಿಯೂ ಚೆನ್ನಾಗಿ ಮಲಗುತ್ತಾನೆ. ಹಾಲು ಬಿಟ್ಟರೆ ಬೇರೇನೂ ಹೆಚ್ಚು ತಿನ್ನುವುದಿಲ್ಲ; ದಿನಕ್ಕೆ ಐದಾರು ಬಾಟಲಿ ಕುಡಿಯುತ್ತಾನೆ. ಇದು ಸರಿಯೇ?
— ಒಬ್ಬ ಅಜ್ಜಿ, ಧಾರವಾಡ

ಉತ್ತರ: ಎರಡು ನಿದ್ದೆ ಮಾತ್ರವಾಗಿದ್ದರೆ, ಒಟ್ಟು 14 ಗಂಟೆಯೊಳಗಿದ್ದು ಎದ್ದಾಗ ಚುರುಕಾಗಿ ಆಡುತ್ತಿದ್ದರೆ, ಹಾಗೆಯೇ ಬಿಡಿ ಎನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದದ್ದು ಐದಾರು ಬಾಟಲಿ ಹಾಲು. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಹೊಟ್ಟೆ ಅದರಲ್ಲೇ ತುಂಬಿದರೆ ರೊಟ್ಟಿ, ಸೊಪ್ಪು, ಕಾಳಿಗೆ ಜಾಗವಿರುವುದಿಲ್ಲ. ಹೀಗೆ ರಕ್ತಹೀನತೆಗೆ ಒಳಗಾದ ಮಗು ಬೇಗ ದಣಿಯುತ್ತದೆ, ಹೆಚ್ಚು ಮಲಗುತ್ತದೆ, ಮನೆಯವರಿಗೆ ಅದು ಸಾಧು ಮಗುವಿನಂತೆ ಕಾಣುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಆದ್ದರಿಂದ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಾಲನ್ನು ದಿನಕ್ಕೆ ಅರ್ಧ ಲೀಟರಿಗೆ ಇಳಿಸಿ, ಬಾಟಲಿಯನ್ನು ಬಿಡಿಸಿ ಲೋಟಕ್ಕೆ ರೂಢಿ ಮಾಡಿಸಿ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ಸಿರಪ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಪರೀಕ್ಷೆಯಲ್ಲಿ ಕೊರತೆ ಕಂಡುಬಂದರೆ ಪ್ರಮಾಣವನ್ನು ವೈದ್ಯರು ಹೆಚ್ಚಿಸಬೇಕಾಗುತ್ತದೆ. ಬಾಯಿ ತೆರೆದು ಮಲಗುವುದು, ಪ್ರತಿರಾತ್ರಿ ಗೊರಕೆ ಹೊಡೆಯುವುದು ಇದ್ದರೆ ಅದನ್ನೂ ಅವರಿಗೆ ತಿಳಿಸಿ. ಹಗಲು ನಿದ್ದೆಯ ಸಂಖ್ಯೆಯನ್ನು ಆಮೇಲೆ ನೋಡಿಕೊಳ್ಳೋಣ.

ಪ್ರಶ್ನೆ: ಡಿಸೆಂಬರ್‌ನಲ್ಲಿ 15 ತಿಂಗಳ ಮಗಳೊಂದಿಗೆ ಒಂದು ತಿಂಗಳ ಮಟ್ಟಿಗೆ ಮೈಸೂರಿಗೆ ಬರುತ್ತಿದ್ದೇವೆ. ಹೊರಡುವ ಮೊದಲೇ ಒಂದು ನಿದ್ದೆಗೆ ತಂದರೆ ಒಳ್ಳೆಯದೇ? ವಿಮಾನದಲ್ಲಿ ಮಲಗಿಸಲು ಶೀತದ ಸಿರಪ್ ಕೊಡಬಹುದೆಂದು ಸ್ನೇಹಿತರು ಹೇಳಿದರು.
— ಒಬ್ಬ ಓದುಗರು, ನ್ಯೂಜೆರ್ಸಿ

ಉತ್ತರ: ಹೊರಡುವ ಮೊದಲು ಬೇಡ, ಇಲ್ಲಿರುವಾಗಲೂ ಬೇಡ, ಮರಳಿ ಹೋಗಿ ಎರಡು ಮೂರು ವಾರ ಕಳೆದ ಮೇಲೆ ಶುರುಮಾಡಿ. ಚಳಿಗಾಲದಲ್ಲಿ ನಿಮ್ಮ ಗಡಿಯಾರಕ್ಕೂ ನಮ್ಮದಕ್ಕೂ ಹತ್ತೂವರೆ ಗಂಟೆಗಳ ಅಂತರ. ಅಲ್ಲಿ ರಾತ್ರಿ 8ಕ್ಕೆ ಮಲಗುವ ಮಗುವಿನ ದೇಹ ಇಲ್ಲಿ ಬೆಳಿಗ್ಗೆ 6.30ಕ್ಕೆ ರಾತ್ರಿಯಾಯಿತೆಂದು ತಿಳಿಯುತ್ತದೆ. ಮೊದಲ ವಾರ ಹಗಲು ಎರಡು ಸಲ ಮಲಗಲು ಬಿಡಿ, ಆದರೆ ಪ್ರತಿ ಸಲವೂ ಒಂದೂವರೆ ಗಂಟೆಗೆ ಎಬ್ಬಿಸಿ ಬಿಸಿಲಿಗೆ ಕರೆದುಕೊಂಡು ಬನ್ನಿ. ರಾತ್ರಿ 2ಕ್ಕೆ ಎದ್ದರೆ ದೀಪ, ಫೋನು, ಟಿವಿ ಯಾವುದನ್ನೂ ಹಾಕದೆ, ಹಸಿದಿದ್ದರೆ ಸ್ವಲ್ಪ ತಿನ್ನಿಸಿ ಕತ್ತಲಲ್ಲೇ ಕೂರಿಸಿಕೊಳ್ಳಿ. ಮೊಮ್ಮಗಳು ಎದ್ದಿದ್ದಾಳೆಂದು ತಾತ ಅಜ್ಜಿಯರು ಸಂಭ್ರಮದಿಂದ ದೀಪ ಹಾಕಿಕೊಂಡು ಬರುವುದನ್ನು ತಡೆಯುವುದೇ ಇದರಲ್ಲಿ ಕಷ್ಟದ ಕೆಲಸ.

ಸಿರಪ್ ಖಂಡಿತ ಕೊಡಬೇಡಿ. ಶೀತದ ಔಷಧಿಗಳಲ್ಲಿರುವ ಮಂಪರು ತರಿಸುವ ಅಂಶ ಚಿಕ್ಕ ಮಕ್ಕಳ ಉಸಿರಾಟವನ್ನು ಕುಂದಿಸಬಹುದು. ಕೆಲವು ಮಕ್ಕಳಲ್ಲಿ ತದ್ವಿರುದ್ಧವಾಗಿ ಚಡಪಡಿಕೆಯನ್ನೂ ಹುಟ್ಟಿಸುತ್ತದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ವಿಮಾನದಲ್ಲಿ ಅವಳು ಯಾವಾಗ ಮಲಗಿದರೂ ಎಷ್ಟು ಮಲಗಿದರೂ ಅಡ್ಡಿಯಿಲ್ಲ. ಮನೆಯಲ್ಲಿ ಹೊದೆಯುವ ಅದೇ ಹೊದಿಕೆಯನ್ನು ಒಗೆಯದೆ ಕೈಚೀಲದಲ್ಲಿಟ್ಟು ತನ್ನಿ, ಆ ಪರಿಚಿತ ವಾಸನೆಗೆ ಮಕ್ಕಳು ಬೇಗ ಮಲಗುತ್ತಾರೆ.